ಮಹಾಕವಿ ವಳ್ಳತ್ತೋಳ್ ಮತ್ತು ನಿಳಾತೀರದ ಕಲಾಶಾಲೆ

ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಪುಟದಲ್ಲಿ ಕನ್ನಡದ ಹಿರಿಯರ ಚರಿತ್ರೆಗಳ ನಡುವೆ ಮಲಯಾಳದ ಕವಿಯೊಬ್ಬರ ಜೀವನವೃತ್ತಾಂತವೂ ಸೇರಿದೆ. ಇದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಶಾಲೆ ಬಾಗಿಲು ತೆರೆದ ಕಾಲದಲ್ಲಿ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಅದರ ತೆಂಕಣ ಮಗ್ಗುಲಿನ ಮಲಬಾರು ಇನ್ನೊಂದು ಜಿಲ್ಲೆ. ಎರಡೂ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದವು. 1956ರಲ್ಲಿ ಗಡಿಗಳು ಬದಲಾಗಿ ನಾವು ಕೇರಳದವರಾದೆವು. ಅಂದಿನಿಂದ ನಮ್ಮ ಮಕ್ಕಳು ವಳ್ಳತ್ತೋಳರ ಹೆಸರನ್ನು ಕೇಳುತ್ತಲೇ ಬೆಳೆಯುತ್ತಾರೆ. ಅವರು ಕವಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಒಂದು ಶಾಲೆಯನ್ನು ಕಟ್ಟಿದವರು, ಅದಕ್ಕಾಗಿ ಊರೂರು ಅಲೆದು ಕೈಚಾಚಿದವರು, ಅದೂ ಕಿವಿ ಕೇಳದ ಸ್ಥಿತಿಯಲ್ಲಿ, ಎಂಬ ಸಂಗತಿಯನ್ನು ನಮ್ಮಲ್ಲಿ ಹಲವರು ಗಮನಿಸಿಲ್ಲ. ಶಾಲೆಯೊಂದು ನೂರು ವರ್ಷ ಬಾಳಿದ ಸಂದರ್ಭದಲ್ಲಿ ನೆನೆಯಬೇಕಾದವರಲ್ಲಿ ಅವರೂ ಒಬ್ಬರೆಂದು ನಮಗೆ ತೋರಿತು.

ವಳ್ಳತ್ತೋಳ್ ನಾರಾಯಣ ಮೇನೋನ್ ಅವರು ಹುಟ್ಟಿದ್ದು 1878ರ ಅಕ್ಟೋಬರ್ 16ರಂದು, ಮಲಬಾರಿನ ತಿರೂರಿನ ಬಳಿಯ ಚೆನ್ನರ ಎಂಬ ಹಳ್ಳಿಯಲ್ಲಿ. ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಸೋದರಮಾವನಾದ ರಾಮುಣ್ಣಿ ಮೇನೋನರೇ ಗುರು. ಅವರಲ್ಲಿ ಸಂಸ್ಕೃತ ಕಾವ್ಯವನ್ನೂ ವೈದ್ಯಶಾಸ್ತ್ರದ ಅಷ್ಟಾಂಗಹೃದಯವನ್ನೂ ಕಲಿತರು. ಬಾಲ್ಯದಲ್ಲಿಯೇ ಪದ್ಯ ಕಟ್ಟುವ ಅಭ್ಯಾಸ ಹತ್ತಿತು. 1901ರಲ್ಲಿ ವಿವಾಹವಾಗಿ ತ್ರಿಶೂರಿಗೆ ಬಂದರು. ಅಲ್ಲಿ ಕಲ್ಪದ್ರುಮ ಎಂಬ ಅಚ್ಚುಕೂಟದ ವ್ಯವಸ್ಥಾಪಕರಾಗಿ ದುಡಿಯುತ್ತಿದ್ದ ವರ್ಷಗಳಲ್ಲಿಯೇ ವಾಲ್ಮೀಕಿ ರಾಮಾಯಣವನ್ನು ಸಮಗ್ರವಾಗಿ ಮಲಯಾಳಕ್ಕೆ ತಂದರು. ಮೂವತ್ತು ತುಂಬುವ ಮೊದಲೇ ಆ ಮಹಾಗ್ರಂಥವನ್ನು ಮುಗಿಸಿದ ಅವರ ಶ್ರಮಶಕ್ತಿ ಬೆರಗುಗೊಳಿಸುವಂಥದು.

ಅದೇ ಅವಧಿಯಲ್ಲಿ ಅವರ ಕಿವಿ ಮಂದವಾಗತೊಡಗಿತು. ವೈದ್ಯವನ್ನು ಬಲ್ಲವರೇ ಆಗಿದ್ದರೂ ಯಾವ ಔಷಧವೂ ಫಲಿಸಲಿಲ್ಲ. 1910ರ ವೇಳೆಗೆ ಶಬ್ದಪ್ರಪಂಚ ಅವರ ಪಾಲಿಗೆ ಮುಚ್ಚಿಹೋಯಿತು. ಆ ದುಃಖವನ್ನು ಬಧಿರವಿಲಾಪ ಎಂಬ ಕಾವ್ಯದಲ್ಲಿ ತೋಡಿಕೊಂಡರು. ಛಂದಸ್ಸನ್ನೇ ಉಸಿರಾಗಿಸಿಕೊಂಡ ಕವಿಗೆ ತನ್ನ ಪದ್ಯವನ್ನು ಇನ್ನೊಬ್ಬರು ಓದುವಾಗ ಕೇಳಲಾಗದಿದ್ದರೆ ಆಗುವ ಸಂಕಟವನ್ನು ನಾವು ಊಹಿಸಬಹುದಷ್ಟೆ. ಅಲ್ಲಿಗೆ ಅವರು ಕುಗ್ಗಿಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರ ಮುಖ್ಯ ಕೃತಿಗಳೆಲ್ಲವೂ ಬಂದದ್ದು ಆ ಬಳಿಕವೇ. ಚಿತ್ರಯೋಗವೆಂಬ ಮಹಾಕಾವ್ಯ, ಸಾಹಿತ್ಯಮಂಜರಿಯೆಂಬ ಸಂಕಲನಮಾಲೆ, ಬೈಬಲಿನ ಕಥೆಯನ್ನು ಹಿಡಿದು ಬರೆದ ಮಗ್ದಲನ ಮರಿಯಂ, ಗಾಂಧೀಜಿಯನ್ನು ಗುರುವೆಂದು ಭಾವಿಸಿ ಬರೆದ ಕವಿತೆ, ಹೀಗೆ ಒಂದರ ಹಿಂದೊಂದು ಹೊರಬಂದವು. ಕುಮಾರನ್ ಆಶಾನ್, ಉಳ್ಳೂರ್, ವಳ್ಳತ್ತೋಳ್ ಎಂದು ಮಲಯಾಳದ ಕವಿತ್ರಯದಲ್ಲಿ ಅವರ ಸ್ಥಾನ ಸ್ಥಿರವಾಯಿತು. ವೇಲ್ಸ್ ರಾಜಕುಮಾರನ ಭಾರತ ಪ್ರವಾಸದ ಸಂದರ್ಭದಲ್ಲಿ, 1922ರಲ್ಲಿ, ತಮಗೆ ಬಂದ ರಾಜಸನ್ಮಾನವನ್ನು ಅವರು ಸ್ವೀಕರಿಸಲಿಲ್ಲ.

ಇಷ್ಟು ಕೀರ್ತಿ ಪಡೆದ ಕವಿ ಐವತ್ತರ ವಯಸ್ಸಿನಲ್ಲಿ ಕಥಕಳಿಯ ಶಾಲೆಗೆಂದು ಜೋಳಿಗೆ ಹಿಡಿದು ಹೊರಟದ್ದೇಕೆ? ಇದನ್ನು ತಿಳಿಯಲು ಕಥಕಳಿಯ ಅಂದಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು.

ಕಥಕಳಿ ಬೆಳೆದದ್ದು ಅರಮನೆಗಳ ಮತ್ತು ನಂಬೂದಿರಿ, ನಾಯರ್ ಜಮೀನುದಾರರ ಆಶ್ರಯದಲ್ಲಿ. ಒಂದೊಂದು ದೊಡ್ಡ ಮನೆಗೂ ತನ್ನದೇ ಆದ ಕಳಿಯೋಗಂ, ಅಂದರೆ ಮೇಳ. ಆಶಾನ್ ಎನಿಸಿದ ಗುರುವಿಗೂ ವೇಷಧಾರಿಗಳಿಗೂ ಊಟ, ಬಟ್ಟೆ, ಓಣಕ್ಕೊಂದು ಉಡುಗೊರೆ. ಹುಡುಗರನ್ನು ಆರಿಸಿ ತಂದು ಮನೆಯ ಕಳರಿಯಲ್ಲಿಯೇ ಪಳಗಿಸುತ್ತಿದ್ದರು. ಕಾಲ ತಿರುಗಿತು. ಭೂಮಿಯ ಹುಟ್ಟುವಳಿ ಕುಗ್ಗಿತು, ಕೂಡುಕುಟುಂಬಗಳು ಪಾಲಾದವು, ಇಂಗ್ಲಿಷ್ ಕಲಿತ ಹೊಸ ತಲೆಮಾರಿಗೆ ಇರುಳಿಡೀ ಕುಣಿಯುವ ಹಸಿರು ಮುಖದ ವೇಷಗಳು ಹಳೆಯ ಕಾಲದ ಕೌತುಕವಾಗಿ ಕಂಡವು. ಒಂದೊಂದಾಗಿ ಕಳಿಯೋಗಗಳು ಮುಚ್ಚಿದವು. ಕಿರೀಟ ಆಭರಣಗಳು ಅಟ್ಟ ಸೇರಿದವು. ವಯಸ್ಸಾದ ಆಶಾನರು ಇದ್ದರು; ಅವರ ಮುಂದೆ ಕುಳಿತು ಕಲಿಯುವ ಹುಡುಗರಿರಲಿಲ್ಲ. ಯಕ್ಷಗಾನದ ಮೇಳಗಳು ಬಡವಾಗಿದ್ದ ದಿನಗಳ ಕಥೆಯನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಳ್ಳತ್ತೋಳರು ಕಂಡುಕೊಂಡ ಸತ್ಯ ಸರಳವಾದದ್ದು. ಧನಿಕನೊಬ್ಬನ ಔದಾರ್ಯವನ್ನು ನಂಬಿದ ಕಲೆ ಆ ಮನೆಯೊಡನೆಯೇ ಬೀಳುತ್ತದೆ. ಅದನ್ನು ಉಳಿಸಬೇಕಾದರೆ ವರ್ಷಕ್ಕೊಂದೆರಡು ಆಟ ಆಡಿಸಿ, ಕಲಾವಿದರಿಗೆ ಶಾಲು ಹೊದಿಸಿದರೆ ಸಾಲದು. ಪಾಠ ಹೇಳುವವರಿಗೆ ಸಂಬಳ, ಕಲಿಯುವವರಿಗೆ ಅನ್ನ, ಎರಡಕ್ಕೂ ಒಂದು ಸೂರು ಬೇಕು. ಅಂದರೆ ಶಾಲೆ ಬೇಕು. ಈ ಕಾರ್ಯದಲ್ಲಿ ಅವರಿಗೆ ಹೆಗಲುಕೊಟ್ಟವರು ಮಣಕ್ಕುಳಂ ಮುಕುಂದರಾಜಾ. 1927ರಲ್ಲಿ ಸಂಘವೊಂದು ನೋಂದಣಿಯಾಯಿತು. ಹಣಕ್ಕಾಗಿ ಲಾಟರಿ ನಡೆಸಿದರು. ಮಹಾಕವಿಯೆನಿಸಿದವರು ಲಾಟರಿ ಚೀಟಿ ಮಾರಿಸಲು ಹೊರಟದ್ದು ಕೆಲವರಿಗೆ ನಗೆಪಾಟಲಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನಮ್ಮ ಶಾಲೆಯ ಕಟ್ಟಡಕ್ಕೆ ಅಡಕೆ, ತೆಂಗು, ಮುಳಿಹುಲ್ಲು ಎತ್ತಿ ತಂದ ಹಿರಿಯರ ಮಕ್ಕಳಾದ ನಾವಂತೂ ನಗಲಾರೆವು.

1930ರ ನವೆಂಬರಿನಲ್ಲಿ ಕುನ್ನಂಕುಳಂನಲ್ಲಿ ಕೇರಳ ಕಲಾಮಂಡಲದ ಪ್ರಾರಂಭೋತ್ಸವ ನಡೆಯಿತು. ಅನಂತರ ಅಂಬಲಪುರದಲ್ಲಿ ಕೆಲಕಾಲ ಇದ್ದು, ಕೊನೆಗೆ ಭಾರತಪ್ಪುಳೆಯ ದಡದ ಚೆರುತುರುತ್ತಿಯಲ್ಲಿ ನೆಲೆಯಾಯಿತು. ಆ ಹೊಳೆಯನ್ನು ಮಲಯಾಳಿಗಳು ಅಕ್ಕರೆಯಿಂದ ನಿಳಾ ಎನ್ನುತ್ತಾರೆ. ಕವಿಯೂ ತಮ್ಮ ಮನೆಯನ್ನು ಅಲ್ಲಿಯೇ ಮಾಡಿಕೊಂಡರು.

ಈ ಶಾಲೆಯ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಬಯಸಿದವರೆಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಯಲ್ಲ ಅದು. ಹನ್ನೆರಡು ಹದಿಮೂರರ ಹುಡುಗನ ಕಣ್ಣು, ಮುಖದ ಅಳತೆ, ಮೈಯ ಬಾಗು, ತಾಳಜ್ಞಾನ ಇವುಗಳನ್ನು ಗುರುಗಳು ನೋಡುತ್ತಾರೆ. ಆಯ್ಕೆಯಾದವನ ದಿನ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಆರಂಭ. ತುಪ್ಪ ಸವರಿದ ಕಣ್ಣುಗಳನ್ನು ಅರಳಿಸಿ ಮೇಲೆ, ಕೆಳಗೆ, ಓರೆಯಾಗಿ, ವೃತ್ತವಾಗಿ, ನಿಧಾನದಿಂದ ಮೂರು ಕಾಲಗಳಲ್ಲಿ ತಿರುಗಿಸುವ ಸಾಧನೆ. ಮಳೆಗಾಲ ಬಂತೆಂದರೆ ಉಳಿಚ್ಚಿಲ್. ಮೈಗೆಲ್ಲ ಎಣ್ಣೆ ಬಳಿದುಕೊಂಡು ಹುಡುಗ ನೆಲಕ್ಕೆ ಕವುಚಿ ಮಲಗಿದರೆ ಗುರುವು ಮೇಲಿನ ಆಸರೆಯನ್ನು ಕೈಯಲ್ಲಿ ಹಿಡಿದು ತನ್ನ ಪಾದದಿಂದಲೇ ಅವನ ಬೆನ್ನು, ಸೊಂಟ, ತೊಡೆಗಳನ್ನು ನೀವುತ್ತಾನೆ. ನೋವಿನ ಕೆಲಸವದು. ಆದರೆ ಆಟಿಯ ತಂಪಿನಲ್ಲಿ ಹಾಗೆ ಹದಗೊಂಡ ಮೈ ಮಾತ್ರ ಮಂಡಿಗಳನ್ನು ಅಗಲಿಸಿ, ಪಾದದ ಹೊರಂಚಿನ ಮೇಲೆ ಭಾರವಿಟ್ಟು ಗಂಟೆಗಟ್ಟಲೆ ನಿಲ್ಲಬಲ್ಲುದು. ಬಳಿಕ ಹಸ್ತಲಕ್ಷಣದೀಪಿಕೆಯ ಇಪ್ಪತ್ತನಾಲ್ಕು ಮುದ್ರೆಗಳು, ಕಲಾಶಗಳು, ನವರಸಗಳು, ಸಂಸ್ಕೃತದ ಪಾಠ. ಹೀಗೆ ಆರೆಂಟು ವರ್ಷ. ವೇಷಕ್ಕೆ ಮಾತ್ರ ಈ ಶಿಸ್ತೆಂದಲ್ಲ. ಹಾಡುಗಾರಿಕೆಗೆ ಬೇರೆ ಗುರು, ಚೆಂಡೆಗೆ ಬೇರೆ, ಮದ್ದಳೆಗೆ ಬೇರೆ. ಅಕ್ಕಿಹಿಟ್ಟು, ಸುಣ್ಣ, ಕಾಗದಗಳಿಂದ ಮುಖದ ಅಂಚನ್ನು ಕಟ್ಟುವ ಚುಟ್ಟಿಯ ಕೆಲಸವೂ ಅಲ್ಲಿ ಒಂದು ಪಾಠವಿಭಾಗ. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷ ಚೌಕಿಯಲ್ಲಿ ಗಂಟೆಗಳ ಕಾಲ ಕುಳಿತು ಚುಟ್ಟಿ ಇಡುವುದನ್ನು ನೋಡಿದ ಮಕ್ಕಳಿಗೆ ಅದು ಎಂಥ ಚಿತ್ರಕಲೆಯೆಂದು ತಿಳಿದಿದೆ.

ಗುರುಗಳನ್ನು ಆರಿಸುವುದರಲ್ಲಿಯೂ ಕವಿಯದು ನಿರ್ದಾಕ್ಷಿಣ್ಯವಾದ ದೃಷ್ಟಿ. ಭಾವಾಭಿನಯದಲ್ಲಿ ಹೆಸರಾಗಿದ್ದ ತಗಳಿಯ ಕುಂಚು ಕುರುಪ್ಪರನ್ನು ತೆಂಕಣ ತಿರುವಾಂಕೂರಿನಿಂದ ಕರೆತಂದರು. ಅಂಗಶುದ್ಧಿಯ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರದ ಪಟ್ಟಿಕ್ಕಾಂತೊಡಿ ರಾವುಣ್ಣಿ ಮೇನೋನರನ್ನು ಬರಮಾಡಿಕೊಂಡರು. ರಾವುಣ್ಣಿ ಮೇನೋನರ ಕಲ್ಲುವಳಿ ಶೈಲಿ ಕಲಾಮಂಡಲದ ಶೈಲಿಯೇ ಆಯಿತು. ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿದರೆ ಚರಿತ್ರೆ ಪೂರ್ಣವಾಗದು. ಶಾಲೆಯೊಂದು ಒಂದು ಕ್ರಮವನ್ನು ಆರಿಸಿ ಪಾಠಪಟ್ಟಿಯಾಗಿ ಮಾಡಿದಾಗ ಆರಿಸದೆ ಬಿಟ್ಟ ಕ್ರಮಗಳು ಮೂಲೆ ಸೇರುತ್ತವೆ. ತೆಂಕಣ ಮತ್ತು ಬಡಗಣ ಕೇರಳದ ಬೇರೆ ಬೇರೆ ನಡೆಗಳು ಕಲಾಮಂಡಲದ ಹೆಸರಿನ ಮುಂದೆ ಕಳೆಗುಂದಿದವು. ಅದು ನಷ್ಟವೇ. ಆದರೂ ಎಲ್ಲವನ್ನೂ ಉಳಿಸಲು ಹೋಗಿ ಯಾವುದನ್ನೂ ಉಳಿಸಲಾಗದೆ ಹೋಗುವುದಕ್ಕಿಂತ ಒಂದನ್ನು ಗಟ್ಟಿಯಾಗಿ ಹಿಡಿದದ್ದೇ ಆ ದಿನಗಳಲ್ಲಿ ಸರಿಯಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಮೊದಲ ವಿದ್ಯಾರ್ಥಿಗಳಲ್ಲಿ ಕೃಷ್ಣನ್ ನಾಯರ್ ಒಬ್ಬರು. ಅವರು ಕಣ್ಣೂರಿನ ಪಯ್ಯನ್ನೂರಿನ ಕಡೆಯ ಚೆರುತ್ತಾಳದವರು. ನಮ್ಮ ಜಿಲ್ಲೆಯ ತೆಂಕಣ ಗಡಿಗೆ ದೂರವಲ್ಲದ ಊರು. ಬಡತನದಲ್ಲಿ ಬೆಳೆದ ಹುಡುಗ ಊರಿನ ಕಡೆಯಲ್ಲಿಯೇ ಚಂದು ಪಣಿಕ್ಕರರಿಂದ ಮೊದಲ ಪಾಠ ಹೇಳಿಸಿಕೊಂಡು, ಕಲಾಮಂಡಲಕ್ಕೆ ಬಂದು, ಮುಂದೆ ಕೇರಳದ ಉದ್ದಗಲಕ್ಕೂ ಜನ ಮುಗಿಬಿದ್ದು ನೋಡುವ ನಟನಾದರು. ರಾಮನ್‌ಕುಟ್ಟಿ ನಾಯರ್, ಪದ್ಮನಾಭನ್ ನಾಯರ್, ಚೆಂಡೆಯ ಕೃಷ್ಣನ್‌ಕುಟ್ಟಿ ಪೊದುವಾಳ್ ಮುಂತಾದವರೂ ಅಲ್ಲಿಂದಲೇ ಬಂದವರು. ಇವರೆಲ್ಲರ ಹೆಸರುಗಳ ಮುಂದೆ ಕಲಾಮಂಡಲಂ ಎಂಬ ಒಂದೇ ಪದ ಸೇರಿಕೊಂಡಿತು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಮನುಷ್ಯನನ್ನು ಅವನ ತರವಾಡಿನ ಹೆಸರಿನಿಂದ ಗುರುತಿಸುತ್ತಿದ್ದ ನಾಡಿನಲ್ಲಿ, ಮನೆತನದ ಹೆಸರು ನಿಲ್ಲುವ ಜಾಗದಲ್ಲಿ ಶಾಲೆಯ ಹೆಸರು ನಿಂತಿತು. ಕಲಿತ ಶಾಲೆಯನ್ನು ಹೀಗೆ ಹೆಸರಿನಲ್ಲಿ ಹೊತ್ತು ತಿರುಗುವ ರೂಢಿ ನಮಗೆ ತಿಳಿದಂತೆ ಹೆಚ್ಚು ಕಡೆ ಇಲ್ಲ.

ಮೋಹಿನಿಯಾಟ್ಟದ ಕಥೆ ಇನ್ನೂ ಕಷ್ಟದ್ದು. ಆ ನೃತ್ಯಕ್ಕೆ ಅಂದು ಕೆಟ್ಟ ಹೆಸರು ಅಂಟಿಕೊಂಡಿತ್ತು. ಮರ್ಯಾದಸ್ಥರೆನಿಸಿದ ಮನೆಗಳವರು ಹೆಣ್ಣುಮಕ್ಕಳನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ವಳ್ಳತ್ತೋಳರು ಹುಡುಕಾಡಿ, ಆ ಕಲೆಯನ್ನು ಬಲ್ಲ ಕಲ್ಯಾಣಿಯಮ್ಮನವರನ್ನು ಗುರುವಾಗಿ ಕರೆತಂದರು. ಮೊದಲು ಬಂದ ವಿದ್ಯಾರ್ಥಿನಿ ತಂಗಮಣಿ. ಮುಂದೆ ನರ್ತಕರಾದ ಗುರು ಗೋಪಿನಾಥರ ಪತ್ನಿಯಾದರು. ಬಳಿಕ ಬಂದವರು ಕಲ್ಯಾಣಿಕುಟ್ಟಿಯಮ್ಮ. ಕೃಷ್ಣನ್ ನಾಯರರನ್ನು ವರಿಸಿದ ಈ ವಿದುಷಿ ತಮ್ಮ ದೀರ್ಘಾಯುಷ್ಯವನ್ನೆಲ್ಲ ಮೋಹಿನಿಯಾಟ್ಟಕ್ಕೆ ಶಾಸ್ತ್ರದ ಚೌಕಟ್ಟು ಕೊಡುವುದಕ್ಕೆ ಮೀಸಲಿಟ್ಟರು. ವಿದ್ಯಾರ್ಥಿನಿಯರ ಕೊರತೆಯಿಂದ ಆ ವಿಭಾಗ ನಡುನಡುವೆ ನಿಂತು ಮತ್ತೆ ನಡೆಯಿತು. ಇಂದು ಕೇರಳದ ಯಾವ ಶಾಲಾ ವಾರ್ಷಿಕೋತ್ಸವದಲ್ಲಿಯೂ ಬಿಳಿ ಸೀರೆಯ ಹೊಂಬಣ್ಣದ ಅಂಚಿನ ಆ ನೃತ್ಯವನ್ನು ಕಾಣುವವರಿಗೆ ಅದು ಕೆಲವೇ ಹುಡುಗಿಯರ ಧೈರ್ಯದಿಂದ ಉಳಿದದ್ದೆಂದು ಹೊಳೆಯುವುದಿಲ್ಲ.

ಕಲಾಮಂಡಲದ ಆಟವನ್ನು ಕವಿ ನೋಡುತ್ತಿದ್ದ ಸ್ಥಿತಿಯನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ. ಊರಾಚೆಗೂ ಕೇಳುವ ಚೆಂಡೆಯ ಪೆಟ್ಟು ಎದುರಿಗೆ ಕುಳಿತ ಅವರಿಗೆ ಕೇಳದು. ಪದಗಳ ಸಾಹಿತ್ಯವಾಗಲಿ ರಾಗವಾಗಲಿ ಅವರನ್ನು ಮುಟ್ಟದು. ಆದರೆ ಕಥಕಳಿಯ ನಟ ಮಾತನಾಡುವುದಿಲ್ಲ. ಅವನ ಮಾತೆಲ್ಲ ಕೈಬೆರಳುಗಳಲ್ಲಿ, ಕಣ್ಣಿನಲ್ಲಿ. ಕಿವಿಯುಳ್ಳವರಿಗಿಂತ ಹೆಚ್ಚಾಗಿ ಅವರು ಆ ಭಾಷೆಯನ್ನು ಓದಬಲ್ಲವರಾಗಿದ್ದರೆಂದು ನಾವು ನಂಬುತ್ತೇವೆ.

ಹಣದ ಅಡಚಣೆ ಮಾತ್ರ ಎಂದೂ ತಪ್ಪಲಿಲ್ಲ. ತಂಡ ಕಟ್ಟಿಕೊಂಡು ಭಾರತದ ಊರುಗಳಿಗೂ ಮಲಯ, ಸಿಂಗಾಪುರಗಳಿಗೂ ಹೋಗಿ ಆಟವಾಡಿಸಿ ಶಾಲೆಗೆ ಹಣ ಕೂಡಿಸಿದರು. ಅಮೆರಿಕದ ನರ್ತಕಿ ರಾಗಿಣಿದೇವಿ ಶಾಲೆಯ ಮೊದಲ ವರ್ಷಗಳಲ್ಲಿಯೇ ಬಂದು ಕಲಿತರು. ಬೆಂಗಳೂರಿನಲ್ಲಿ ಹುಟ್ಟಿ ಲೋಕವಿಖ್ಯಾತರಾದ ರಾಂ ಗೋಪಾಲರೂ ಕುಂಚು ಕುರುಪ್ಪರ ಶಿಷ್ಯರೇ. ಹೊರನಾಡಿನವರು ಮೆಚ್ಚಿದ ಮೇಲೆ ಒಳನಾಡಿನವರ ಕಣ್ಣೂ ತೆರೆಯಿತು. ಇದು ಎಲ್ಲ ಕಲೆಗಳ ಹಣೆಬರಹವೋ ಏನೋ. 1941ರಲ್ಲಿ ಶಾಲೆಯ ಹೊಣೆಯನ್ನು ಕೊಚ್ಚಿ ಸರ್ಕಾರ ವಹಿಸಿಕೊಂಡಿತು. ವ್ಯಕ್ತಿಯೊಬ್ಬನ ಆಯುಷ್ಯಕ್ಕಿಂತ ಸಂಸ್ಥೆಯ ಆಯುಷ್ಯ ಹೆಚ್ಚಾಗಬೇಕಾದರೆ ಕಟ್ಟಿದವನು ಬಿಟ್ಟುಕೊಡಬೇಕಾಗುತ್ತದೆ.

1940ರ ದಶಕದ ಕೊನೆಗೆ ಮದ್ರಾಸು ಸರ್ಕಾರ ವಳ್ಳತ್ತೋಳರನ್ನು ಆಸ್ಥಾನಕವಿಯನ್ನಾಗಿ ಗೌರವಿಸಿತು. ಅದೇ ಸರ್ಕಾರ 1949ರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. ಒಂದೇ ಕರಾವಳಿಯ ಇಬ್ಬರು ಕವಿಗಳು, ಒಂದೇ ಸರ್ಕಾರದ ಕೈಯಿಂದ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಪಡೆದ ಈ ಗೌರವಗಳನ್ನು ಕಾಸರಗೋಡಿನ ಕನ್ನಡಿಗರಾದ ನಾವು ಜೊತೆಯಾಗಿಯೇ ನೆನೆಯಬೇಕು. ಕಲೆಯಲ್ಲಿಯೂ ಆ ನಂಟು ಹಳೆಯದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟದೊಡನೆ ಹೋಲಿಸಿ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ.

ಹಾಗಿದ್ದರೂ ಒಂದು ವಿಷಯದಲ್ಲಿ ನಾವು ಹಿಂದುಳಿದೆವೆಂದು ಒಪ್ಪಬೇಕು. ಯಕ್ಷಗಾನಕ್ಕೆ ನಿಯತವಾದ ಶಿಕ್ಷಣ ಕೊಡುವ ಕೇಂದ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಆರಂಭವಾದದ್ದು 1971ರಲ್ಲಿ, ಕಲಾಮಂಡಲ ಹುಟ್ಟಿ ನಾಲ್ಕು ದಶಕಗಳಾದ ಮೇಲೆ. ಅಲ್ಲಿಯವರೆಗೆ ಹುಡುಗರು ಕಲಿತದ್ದು ತಿರುಗಾಟದ ಮೇಳದಲ್ಲಿಯೇ: ಬಾಲಗೋಪಾಲ ವೇಷದಿಂದ ಹಿಡಿದು, ನೋಡಿ, ಬೈಸಿಕೊಂಡು, ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಊರಿಗೆ ಮರಳುವವರೆಗೆ. ಮೇಳದ ಶಿಕ್ಷಣವನ್ನು ಹಗುರವಾಗಿ ಕಾಣುವಂತಿಲ್ಲ. ಆಶುಮಾತಿನ ಅರ್ಥಗಾರಿಕೆ ತರಗತಿಯ ನಾಲ್ಕು ಗೋಡೆಗಳ ನಡುವೆ ಬರುವಂಥದಲ್ಲ. ಆದರೆ ಮೇಳ ಸೇರಿದ ಹುಡುಗ ಶಾಲೆ ಬಿಡಬೇಕಾಗುತ್ತಿತ್ತು. ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳಲ್ಲಿಯೂ ಅಂಥ ಹುಡುಗರ ಹೆಸರುಗಳಿವೆ. ವಿದ್ಯೆಯೋ ಕಲೆಯೋ ಎಂಬ ಆ ಇಕ್ಕಟ್ಟನ್ನು ಅವರ ಎದುರಿಗೆ ಇಟ್ಟವರು ಹಿರಿಯರೇ ಹೊರತು ಮಕ್ಕಳಲ್ಲ. ಈಗ ಕೇರಳದ ಶಾಲಾ ಕಲೋತ್ಸವದಲ್ಲಿ ಕಥಕಳಿ, ಮೋಹಿನಿಯಾಟ್ಟಗಳ ಜೊತೆಗೆ ಯಕ್ಷಗಾನವೂ ಸ್ಪರ್ಧೆಯ ಒಂದು ವಿಷಯ. ನಮ್ಮ ಮಕ್ಕಳು ಬಣ್ಣ ಹಚ್ಚಿ ಅಲ್ಲಿ ನಿಂತಾಗ ನಮಗೆ ಹೆಮ್ಮೆ. ಸ್ಪರ್ಧೆಗೆಂದು ಎರಡು ತಿಂಗಳು ಕಲಿಸಿ, ಬಹುಮಾನ ಬಂದ ಮರುದಿನ ಗೆಜ್ಜೆಯನ್ನು ಪೆಟ್ಟಿಗೆಗೆ ಸೇರಿಸುವ ನಮ್ಮ ರೀತಿಯನ್ನು ಮಾತ್ರ ವಳ್ಳತ್ತೋಳರು ಒಪ್ಪುತ್ತಿರಲಿಲ್ಲ.

ಅವರ ಕೊನೆಯ ವರ್ಷಗಳು ದುಡಿಮೆಯಲ್ಲಿಯೇ ಕಳೆದವು. 1954ರಲ್ಲಿ ಪದ್ಮಭೂಷಣ ಬಂದಿತು. 1955ರ ಬೆಳ್ಳಿಹಬ್ಬಕ್ಕೆ ಪ್ರಧಾನಿ ನೆಹರೂ ಅವರೇ ಚೆರುತುರುತ್ತಿಗೆ ಬಂದರು. ಎಪ್ಪತ್ತು ದಾಟಿದ ಕವಿ ಋಗ್ವೇದವನ್ನು ಸಮಗ್ರವಾಗಿ ಮಲಯಾಳಕ್ಕೆ ತರುವ ಕೆಲಸವನ್ನು ಕೈಗೊಂಡು ಅದನ್ನೂ ಮುಗಿಸಿದರು. 1957ರಲ್ಲಿ ಹೈದರಾಲಿ ಎಂಬ ಬಡ ಮುಸ್ಲಿಂ ಹುಡುಗ ಕಥಕಳಿ ಸಂಗೀತ ಕಲಿಯಲು ಕಲಾಮಂಡಲ ಸೇರಿದನು. ದೇವಾಲಯಗಳ ಅಂಗಳದಲ್ಲಿ ಬೆಳೆದ ಕಲೆಗೆ ಆ ಹುಡುಗ ಬೇಡವೆನ್ನುವವರು ಆಗ ಮಾತ್ರವಲ್ಲ, ಅವನು ಹೆಸರಾಂತ ಗಾಯಕನಾದ ಮೇಲೂ ಇದ್ದರು. ಆದರೆ ಶಾಲೆ ಅವನ ಕಂಠವನ್ನು ನೋಡಿತು, ಸೇರಿಸಿಕೊಂಡಿತು, ಎಂಟು ವರ್ಷ ಅನ್ನವಿಟ್ಟು ಕಲಿಸಿತು.

1958ರ ಮಾರ್ಚ್ 13ರಂದು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ವಳ್ಳತ್ತೋಳರು ತೀರಿಕೊಂಡರು. ಹಳೆಯ ಕಲಾಮಂಡಲದ ಆವರಣದಲ್ಲಿ, ನಿಳೆಯ ದಡದಲ್ಲಿ ಅವರ ಸಮಾಧಿಯಿದೆ. ಷೊರನೂರಿನಿಂದ ತ್ರಿಶೂರಿಗೆ ಹೋಗುವ ರೈಲು ಹೊಳೆ ದಾಟಿದೊಡನೆ ಸಿಗುವ ಸಣ್ಣ ನಿಲ್ದಾಣಕ್ಕೆ ವಳ್ಳತ್ತೋಳ್ ನಗರ ಎಂದು ಹೆಸರು. ಕಲಾಮಂಡಲ ಈಗ ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ. ಆದರೂ ಏಳನೆಯ ತರಗತಿ ಮುಗಿಸಿದ ಮಕ್ಕಳು ಇಂದಿಗೂ ಆಯ್ಕೆಗಾಗಿ ಅಲ್ಲಿಗೆ ಬರುತ್ತಾರೆ. ಆರಿಸಲ್ಪಟ್ಟವರು ಎಂಟನೆಯ ತರಗತಿಗೆ ಸೇರಿ, ಮುಂಜಾನೆ ಕಳರಿಯಲ್ಲಿ ಮೈ ಬಗ್ಗಿಸಿ, ಬಳಿಕ ಎಲ್ಲ ಮಕ್ಕಳಂತೆ ಗಣಿತ, ವಿಜ್ಞಾನಗಳ ಪಾಠಕ್ಕೆ ಕುಳಿತುಕೊಳ್ಳುತ್ತಾರೆ.